ಧಾನ್ಯ ಮತ್ತು ಕಾಯಿಪಲ್ಯಗಳ ಇಂಗ್ಲಿಷು ಹೆಸರುಗಳು: ಅವುಗಳ ಉಚ್ಚಾರಣೆ ಮತ್ತು ತಿಳಿವಳಿಕೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಬೇಸಾಯ ಮಾಡತಕ್ಕವರಿಗೆ ತಮ್ಮ ಹೊಲದ ಪದಾರ್ಥಗಳನ್ನು ಇಂಗ್ಲಿಷಿನಲ್ಲಿ ಹೆಸರಿಸಬೇಕಾದ ಸಂದರ್ಭವು ಪೂರ್ವಕಾಲದಲ್ಲಿ ಬಹಳ ವಿರಳವಾಗಿತ್ತು. ರಾಗಿ, ಹುರಳಿ, ಅವರೆ, ಅಲಸಂದೆ, ಎಳ್ಳು ಇವುಗಳನ್ನು ಬೆಳೆದವನೂ ಕೊಂಡವನೂ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಸಂತೆಯಲ್ಲಿ ಹೆಸರಿನ ವಿಷಯವಾಗಿ ವಿವಾದವೇ ಹುಟ್ಟುತ್ತಿರಲಿಲ್ಲ. ಈಗಿನ ಸ್ಥಿತಿಯು ಹಾಗಿಲ್ಲ. ಗಾವಡಗೆರೆ ಹೋಬಳಿಯ ಬೇಸಾಯಗಾರನು ಬಿತ್ತನೆ ಬೀಜದ ಚೀಲವನ್ನು ಕೊಳ್ಳುವಾಗಲೂ, ಒಡಂಬಡಿಕೆಯ ಮೇಲೆ ಕಾಯಿ ಬೆಳೆದುಕೊಡಲು ಒಪ್ಪುವಾಗಲೂ, ಫಸಲಿನ ವಿಮೆಗೆ ಅರ್ಜಿ ಬರೆಸುವಾಗಲೂ ಇಂಗ್ಲಿಷು ಹೆಸರುಗಳನ್ನು ಕೇಳಬೇಕಾಗಿದೆ, ನುಡಿಯಬೇಕಾಗಿದೆ.

ಈ ಹೆಸರುಗಳನ್ನು ನುಡಿಯುವುದರಲ್ಲಿ ತಪ್ಪುಗಳಾಗುವುದು ಸಹಜ. ತಪ್ಪಿನಿಂದ ಆಗುವ ನಷ್ಟವು ಸಾಮಾನ್ಯವಾಗಿ ಅಲ್ಪವಾದುದು. ಆದರೆ ತಪ್ಪಾದೀತೆಂಬ ಅಂಜಿಕೆಯಿಂದ ಏನನ್ನೂ ಕೇಳದೆ, ಅಂಗಡಿಯವನು ಕೊಟ್ಟದ್ದನ್ನು ತಲೆಯಾಡಿಸಿ ತೆಗೆದುಕೊಂಡು ಬರುವುದರಿಂದ ಆಗುವ ನಷ್ಟವು ಒಂದು ವರುಷದ ಫಸಲಿನಷ್ಟು ದೊಡ್ಡದಾಗಬಹುದು. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯದಲ್ಲಿ ಸ್ವಲ್ಪ ತಿಳಿವಳಿಕೆಯನ್ನು ಪಡೆದು, ತಮ್ಮ ಗ್ರಾಮದ ಇತರರಿಗೂ ಅದನ್ನು ಹೇಳಿಕೊಡುವುದು ಪ್ರಯೋಜನಕರವಾಗಿರುತ್ತದೆ.

1. ತಪ್ಪಿಗೆ ಕಾರಣ

ಕನ್ನಡದಲ್ಲಿ ಬರೆದುದನ್ನು ಬರೆದಂತೆಯೇ ಓದತಕ್ಕದ್ದು. 'ಕ' ಎಂಬ ಅಕ್ಷರವು ಎಲ್ಲಿ ಬಂದರೂ 'ಕ' ಎಂದೇ ನುಡಿಯಲ್ಪಡುತ್ತದೆ. ಬರೆದ ಮೇಲೆ ನುಡಿಯದೆ ಬಿಡುವ ಅಕ್ಷರವೆಂಬುದಿಲ್ಲ. ಈ ಅಭ್ಯಾಸದಲ್ಲಿ ಬೆಳೆದವರು ಇಂಗ್ಲಿಷನ್ನೂ ಅದೇ ಪ್ರಕಾರ ಓದುತ್ತಾರೆ. ಹೀಗೆ ಓದುವುದು ಅಜ್ಞಾನದ ಲಕ್ಷಣವಲ್ಲ. ಒಂದು ಒಳ್ಳೆಯ ಅಭ್ಯಾಸವನ್ನು ಅದು ಸಲ್ಲದ ಕಡೆಗೆ ಕೊಂಡೊಯ್ದುದರ ಫಲ.

ಇಂಗ್ಲಿಷಿನಲ್ಲಿರುವ ಅಕ್ಷರಗಳು 26. ಆ ಭಾಷೆಯವರು ನುಡಿಯುವ ಧ್ವನಿಗಳಾದರೋ ಸುಮಾರು 44. ಆದಕಾರಣ ಒಂದೊಂದು ಅಕ್ಷರವು ಎರಡು ಮೂರು ಕೆಲಸಗಳನ್ನು ಮಾಡಬೇಕಾಗಿದೆ. ಇದಲ್ಲದೆ, ವಿಲಿಯಂ ಕ್ಯಾಕ್ಸ್‌ಟನ್ನನು 1476ರಲ್ಲಿ ಇಂಗ್ಲೆಂಡಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ತರುವಾಯ ಪದಗಳ ಬರವಣಿಗೆಯು ಕ್ರಮೇಣ ಸ್ಥಿರವಾಗುತ್ತ ಬಂದಿತು. ಜನರ ಮಾತು ಮಾತ್ರ ಬದಲಾಗುತ್ತಲೇ ಹೋಯಿತು. ಹಳ್ಳವು ತನ್ನ ಪಾತ್ರವನ್ನು ಬದಲಿಸಿದ ಮೇಲೂ ಹಳೆಯ ದಡದಲ್ಲಿಯೇ ನಿಂತಿರುವ ಎಲ್ಲೆಕಲ್ಲಿನಂತೆ, ಈ ಬರವಣಿಗೆಯು ಹಿಂದೆ ಮಾತು ಎಲ್ಲಿ ಹರಿಯುತ್ತಿತ್ತೆಂಬುದನ್ನು ತೋರಿಸುತ್ತದೆಯೇ ಹೊರತು ಈಗ ಎಲ್ಲಿ ಹರಿಯುತ್ತದೆಂಬುದನ್ನಲ್ಲ. ಇಂಗ್ಲಿಷರಿಗೇ ತಮ್ಮ ಪದಗಳ ಉಚ್ಚಾರಣೆಯನ್ನು ತಿಳಿಸುವ ಪ್ರತ್ಯೇಕ ನಿಘಂಟು ಅವಶ್ಯವಾಯಿತು. ಡೇನಿಯಲ್ ಜೋನ್ಸ್ ಎಂಬ ವಿದ್ವಾಂಸರು 1917ರಲ್ಲಿ ಅಂತಹ ನಿಘಂಟೊಂದನ್ನು ಪ್ರಕಟಿಸಿದರು. ಆ ಭಾಷೆಯಲ್ಲಿಯೇ ಹುಟ್ಟಿದವರಿಗೆ ಇದು ಬೇಕಾದ ಮೇಲೆ, ಗಾವಡಗೆರೆಯ ಬೇಸಾಯಗಾರನು ತಪ್ಪಿದಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

2. ಬರೆದರೂ ನುಡಿಯದ ಅಕ್ಷರಗಳು

ಬಾದಾಮಿಗೆ ಇಂಗ್ಲಿಷಿನಲ್ಲಿ 'ಆಮಂಡ್' ಎಂದು ಹೆಸರು. ಬರವಣಿಗೆಯಲ್ಲಿ 'ಎಲ್' ಅಕ್ಷರವಿರುವುದರಿಂದ 'ಅಲ್ಮಂಡ್' ಎಂದು ಓದುವವರೇ ಹೆಚ್ಚು. ಇಂಗ್ಲೆಂಡಿನಲ್ಲಿ ಈ ಲಕಾರವನ್ನು ಸಾಮಾನ್ಯವಾಗಿ ನುಡಿಯುವುದಿಲ್ಲ. ಕೋಳಿಮೊಟ್ಟೆಯೊಳಗಿನ ಹಳದಿ ಭಾಗಕ್ಕೆ 'ಯೋಕ್' ಎನ್ನುತ್ತಾರೆ. ಅಲ್ಲಿಯೂ 'ಎಲ್' ಅಕ್ಷರವು ಬರವಣಿಗೆಗೆ ಮಾತ್ರ. 'ಬಿಸ್ಕಿಟ್' ಎಂಬಲ್ಲಿ 'ಯು' ಅಕ್ಷರವೂ, ಜೋಳದ ಹೆಸರಾದ 'ಸಾರ್ಗಮ್' ಎಂಬಲ್ಲಿ 'ಎಚ್' ಅಕ್ಷರವೂ ಮೌನವಾಗಿರುತ್ತವೆ.

'ಎಚ್' ಅಕ್ಷರದ ವಿಷಯದಲ್ಲಿ ಗಮನಿಸತಕ್ಕ ಇನ್ನೊಂದು ಪದವು 'ಗರ್ಕಿನ್'. ಇದು ಉಪ್ಪಿನೀರಿನಲ್ಲಿ ಅಥವಾ ಹುಳಿಯಲ್ಲಿ ಹಾಕಿ ಪರದೇಶಗಳಿಗೆ ಕಳುಹಿಸುವ ಮಿಡಿಸೌತೆ. ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಇದನ್ನು ಒಡಂಬಡಿಕೆಯ ಮೇಲೆ ಬೆಳೆಯುವ ಪದ್ಧತಿಯುಂಟು. ಬರವಣಿಗೆಯು 'ಜಿ' ಅಕ್ಷರದಿಂದ ಮೊದಲಾಗುವುದರಿಂದ ಕೆಲವರು ಇದನ್ನು 'ಜರ್ಕಿನ್' ಎನ್ನುತ್ತಾರೆ. ಆ ಪದಕ್ಕೆ ಚಳಿಗಾಲದಲ್ಲಿ ತೊಡುವ ದಪ್ಪ ಅಂಗಿಯೆಂದು ಅರ್ಥ. 'ಜಿ' ಅಕ್ಷರದ ಮುಂದೆ 'ಎಚ್' ಅಕ್ಷರವನ್ನಿಟ್ಟಿರುವುದೇ ಅದನ್ನು 'ಗ' ಎಂದು ಗಟ್ಟಿಯಾಗಿ ನುಡಿಯಬೇಕೆಂಬುದರ ಸೂಚನೆ. ಈ ಕಾಯಿಯನ್ನು ಕಿಲೋಗ್ರಾಮಿಗೆ ಎಷ್ಟು ಕಾಯಿ ತೂಗುತ್ತವೆಂಬ ಲೆಕ್ಕದಿಂದ ದರ್ಜೆ ಮಾಡುತ್ತಾರೆ. ಸಣ್ಣ ಕಾಯಿಗೆ ಹೆಚ್ಚಿನ ಬೆಲೆ. ಒಂದು ದಿವಸ ತಡವಾಗಿ ಕಿತ್ತರೂ ಕಾಯಿ ಬಲಿತು ದರ್ಜೆ ಇಳಿಯುತ್ತದೆ. ಹೀಗಿರುವಾಗ, ಹೆಸರನ್ನು ಸರಿಯಾಗಿ ನುಡಿಯುವುದಕ್ಕಿಂತಲೂ ಒಡಂಬಡಿಕೆಯ ಕಾಗದದಲ್ಲಿ ಆ ಹೆಸರಿನ ಪಕ್ಕದಲ್ಲಿ ಬರೆದಿರುವ ದರ್ಜೆಯ ಅಂಕಿಗಳನ್ನು ಓದಿಸಿ ತಿಳಿದುಕೊಳ್ಳುವುದು ಮುಖ್ಯವಾದುದೆಂಬುದನ್ನು ಮರೆಯಕೂಡದು.

ನುಡಿಯಬೇಕಾದ ಅಕ್ಷರವನ್ನು ಬಿಡುವುದೂ ಒಂದು ತಪ್ಪೇ. ಎಳ್ಳಿಗೆ 'ಸೆಸಮಿ' ಎಂದು ಹೆಸರು. ಇದು ಮೂರು ಭಾಗಗಳುಳ್ಳ ಪದ. ಕೊನೆಯ 'ಇ' ಅಕ್ಷರವು ಬೇರೆ ಪದಗಳಲ್ಲಿ ಮೌನವಾಗಿರುವುದನ್ನು ನೋಡಿ ಇಲ್ಲಿಯೂ ಅದನ್ನು ಬಿಟ್ಟು 'ಸೀಸೇಮ್' ಎನ್ನುವುದು ಸರಿಯಲ್ಲ. ವ್ಯಾಪಾರದ ಕಾಗದಗಳಲ್ಲಿ ಎಳ್ಳಿಗೆ 'ಜಿಂಜೆಲಿ' ಎಂಬ ಮತ್ತೊಂದು ಹೆಸರೂ ಇರುವುದುಂಟು.

ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಈಚಿನ ವರುಷಗಳಲ್ಲಿ ಎರಡು ಹೊಸ ಪೈರುಗಳ ಬೇಸಾಯಕ್ರಮವನ್ನು ರೈತರಿಗೆ ಪರಿಚಯಪಡಿಸಿತು. ಒಂದು 'ಚಿಯಾ', ಇದರ ಉಚ್ಚಾರಣೆಯಲ್ಲಿ ತೊಡಕಿಲ್ಲ. ಇನ್ನೊಂದನ್ನು 'ಕ್ಯು, ಯು, ಐ, ಎನ್, ಓ, ಎ' ಎಂಬ ಅಕ್ಷರಗಳಿಂದ ಬರೆಯುತ್ತಾರೆ. ಅಕ್ಷರಗಳನ್ನು ಹಿಡಿದು ಓದಿದರೆ 'ಕ್ವಿನೋವಾ' ಎಂದಾಗುತ್ತದೆ; ಸರಿಯಾದ ಉಚ್ಚಾರಣೆಯು 'ಕೀನ್ವಾ'. ಇದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ವಾಸಿಸುವ ಕೆಚುವಾ ಜನರ ಪದ. ಅದನ್ನು ಸ್ಪೇನ್ ದೇಶದವರು ತಮ್ಮ ರೀತಿಯಲ್ಲಿ ಬರೆದರು. ಆ ಬರವಣಿಗೆಯನ್ನೇ ಇಂಗ್ಲಿಷರು ತೆಗೆದುಕೊಂಡರು. ಕನ್ನಡ ಲಿಪಿಯಲ್ಲಿ 'ಕೀನ್ವಾ' ಎಂದು ಬರೆದುಬಿಟ್ಟರೆ ಯಾರಿಗೂ ತಪ್ಪು ಬರುವುದಿಲ್ಲ. ಈ ವಿಷಯದಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷು ಅಕ್ಷರಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾದುವು.

3. ನಾಲಗೆಗೆ ಸಂಬಂಧಪಟ್ಟ ಸಂಗತಿಗಳು

ಎಲೆಕೋಸಿನ ಹೆಸರಾದ 'ಕ್ಯಾಬಿಜ್', ಗಜ್ಜರಿಯ ಹೆಸರಾದ 'ಕ್ಯಾರಟ್', ಗೋಡಂಬಿಯ ಹೆಸರಾದ 'ಕ್ಯಾಶೂ' ಇವುಗಳನ್ನು ಬರೆಯುವಾಗ ಯಕಾರದ ಒತ್ತನ್ನು ಹಾಕುವುದು ರೂಢಿ. ವಾಸ್ತವವಾಗಿ ಈ ಪದಗಳಲ್ಲಿ ಯಕಾರವಿಲ್ಲ. ಇರುವುದು 'ಎ' ಮತ್ತು 'ಆ' ಇವುಗಳ ಮಧ್ಯದ ಒಂದು ಸ್ವರ. ಈ ಸ್ವರವು ಪರದೇಶದ್ದೆಂದು ಭಾವಿಸಬೇಕಾಗಿಲ್ಲ. ಮೈಸೂರು ಸೀಮೆಯ ಹಳ್ಳಿಗಳಲ್ಲಿ 'ಪೇಟೆ'ಯನ್ನು 'ಪ್ಯಾಟೆ' ಎಂದೂ, 'ಬೇಡ' ಎಂಬುದನ್ನು 'ಬ್ಯಾಡ' ಎಂದೂ, 'ಬೇಳೆ'ಯನ್ನು 'ಬ್ಯಾಳೆ' ಎಂದೂ ನುಡಿಯುವಾಗ ಬರುವ ಧ್ವನಿಯೇ ಇದು. ಶಾಲೆಯಲ್ಲಿ ತಿದ್ದಲ್ಪಡುವ ಈ ಗ್ರಾಮ್ಯ ಉಚ್ಚಾರಣೆಯು ಇಂಗ್ಲಿಷು ಪದಗಳಿಗೆ ತಕ್ಕ ಸಾಧನವಾಗಿದೆ. ಆದರೆ 'ಕ್ಯಾಬಿಜ್' ಎಂಬುದರ ಕೊನೆಯನ್ನು 'ಬೇಜ್' ಎಂದು ಎಳೆಯಬಾರದು.

'ಎಫ್' ಅಕ್ಷರದ ಧ್ವನಿಯು ಕನ್ನಡದ ಮಹಾಪ್ರಾಣ ಫಕಾರವಲ್ಲ. ಮೇಲಿನ ಹಲ್ಲನ್ನು ಕೆಳದುಟಿಗೆ ಮೆಲ್ಲಗೆ ತಾಗಿಸಿ ಉಸಿರನ್ನು ಬಿಟ್ಟರೆ ಅದು ಬರುತ್ತದೆ. ಇದಿಲ್ಲದೆ 'ಕಾಫಿ'ಯು 'ಕಾಪಿ'ಯಾಗುತ್ತದೆ. ಇಂಗ್ಲಿಷಿನಲ್ಲಿ 'ಕಾಪಿ' ಎಂದರೆ ನಕಲು. 'ಝಡ್' ಅಕ್ಷರದ ಧ್ವನಿಯು ಜಕಾರಕ್ಕೆ ಹತ್ತಿರವಾದರೂ ನಾಲಗೆಯು ಅಂಗುಳಕ್ಕೆ ಅಂಟದೆ, ದುಂಬಿಯ ಮೊರೆತದಂತೆ ಎಳೆದು ಬರತಕ್ಕದ್ದು. ಮುಸುಕಿನ ಜೋಳದ ಹೆಸರಾದ 'ಮೇಜ಼್' ಎಂಬುದರ ಕೊನೆಯಲ್ಲಿರುವುದು ಈ ಧ್ವನಿ. ಇದನ್ನು ಕನ್ನಡದ ರೀತಿಯಲ್ಲಿ ಉಕಾರ ಸೇರಿಸಿ 'ಮೇಜು' ಎಂದರೆ, ಕೇಳಿದವರು ಬಡಗಿಯ ಮನೆಗೆ ದಾರಿ ತೋರಿಸಿಯಾರು.

ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಿಂದ ಮುಗಿಯುವುದರಿಂದ 'ಬೀನ್ಸು', 'ಕ್ಯಾರೆಟ್ಟು', 'ಬೀಟ್‌ರೂಟು' ಎಂಬ ರೂಪಗಳು ಹುಟ್ಟಿವೆ. ಕನ್ನಡ ಮಾತಿನಲ್ಲಿ ಇವು ತಪ್ಪುಗಳಲ್ಲ. ಬಂದ ಪದವನ್ನು ಮನೆಯ ಪದವಾಗಿ ಮಾಡಿಕೊಳ್ಳುವ ಕ್ರಮವಿದು. ಇಂಗ್ಲಿಷಿನಲ್ಲಿಯೇ ಮಾತನಾಡುವಾಗ ಮಾತ್ರ ಆ ಉಕಾರವನ್ನು ಬಿಡತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದುದು ಒತ್ತು. ಕನ್ನಡದಲ್ಲಿ ಒಂದು ಪದದ ಎಲ್ಲಾ ಅಕ್ಷರಗಳೂ ಹೆಚ್ಚು ಕಡಿಮೆ ಸಮನಾಗಿ ಕೇಳಿಸುತ್ತವೆ. ಇಂಗ್ಲಿಷಿನಲ್ಲಿ ಒಂದು ಭಾಗವು ಬಲವಾಗಿಯೂ ಉಳಿದುವು ಮಂದವಾಗಿಯೂ ಇರುತ್ತವೆ. ಕಾಯಿಪಲ್ಯಕ್ಕೆ 'ವೆಜ್‌ಟಬಲ್' ಎನ್ನುವಾಗ ಮೊದಲ ಭಾಗದ ಮೇಲೆ ಬಲ ಬೀಳುತ್ತದೆ. ಕೊನೆಯ ಭಾಗವು ಬಹಳ ಮಂದ. ಅದನ್ನು 'ವೆಜಿಟೇಬಲ್' ಎಂದು ಎಳೆದರೆ ಕೊನೆಯಲ್ಲಿ ಮತ್ತೊಂದು ಮೇಜು ಬಂದು ನಿಲ್ಲುತ್ತದೆ. ಸೌತೆಕಾಯಿಯ 'ಕ್ಯೂಕಂಬರ್', ದಾಳಿಂಬೆಯ 'ಪಾಮಿಗ್ರ್ಯಾನಿಟ್', ಅರಿಸಿನದ 'ಟರ್ಮರಿಕ್', ಹೂಕೋಸಿನ 'ಕಾಲಿಫ್ಲವರ್' ಇವುಗಳಲ್ಲಿ ಬಲವು ಮೊದಲನೆಯ ಭಾಗದಲ್ಲಿಯೂ, ಆಲೂಗಡ್ಡೆಯ 'ಪೊಟೇಟೊ', ಬಾಳೆಯ 'ಬನಾನ', ಪರಂಗಿಯ 'ಪಪಾಯ' ಇವುಗಳಲ್ಲಿ ಎರಡನೆಯ ಭಾಗದಲ್ಲಿಯೂ ಇರುತ್ತದೆ. ಬಲವನ್ನು ತಕ್ಕ ಸ್ಥಾನದಲ್ಲಿ ಕೊಟ್ಟರೆ ಒಂದೆರಡು ಅಕ್ಷರಗಳು ತಪ್ಪಿದರೂ ಕೇಳುವವನಿಗೆ ಪದವು ತಿಳಿಯುತ್ತದೆ.

4. ಹೆಸರೊಂದು, ಪದಾರ್ಥಗಳೆರಡು

ಉಚ್ಚಾರಣೆಯು ಸರಿಯಾಗಿದ್ದರೂ ಪದಾರ್ಥವು ಬೇರೆಯಾಗುವ ಸಂದರ್ಭಗಳುಂಟು. ಇವು ಬೇಸಾಯಗಾರನಿಗೆ ಹೆಚ್ಚು ಅಪಾಯಕರವಾದುವು.

ಧಾನ್ಯಕ್ಕೆ 'ಸೀರಿಯಲ್' ಎಂದು ಹೆಸರು. ಕಂತುಕಂತಾಗಿ ಬರುವ ಕಥೆಗೂ ಅದೇ ಉಚ್ಚಾರಣೆ. ಬೇಳೆಕಾಳಿಗೆ 'ಪಲ್ಸ್' ಎಂದು ಹೆಸರು, ಕೈನಾಡಿಗೂ ಅದೇ. ಹಿಟ್ಟು ಮತ್ತು ಹೂವು ಇವೆರಡಕ್ಕೂ 'ಫ್ಲವರ್' ಎಂಬ ಒಂದೇ ಧ್ವನಿ. ಇವು ಮೂಲದಲ್ಲಿ ಒಂದೇ ಪದವಾಗಿದ್ದು ಬರವಣಿಗೆಯಲ್ಲಿ ತರುವಾಯ ಬೇರೆಯಾದುವು. ಇಂಥವುಗಳಲ್ಲಿ ಸಂದರ್ಭದಿಂದ ಅರ್ಥವು ತಿಳಿದುಬರುವುದರಿಂದ ಹಾನಿಯಿಲ್ಲ.

'ಗ್ರಾಮ್' ಎಂಬ ಹೆಸರಿನ ವಿಷಯವು ಹಾಗಲ್ಲ. ಪೋರ್ಚುಗೀಸರು ಕಾಳಿಗೆ ಹೇಳುತ್ತಿದ್ದ ಪದದಿಂದ ಇದು ಬಂದಿದೆ. ತೂಕದ ಗ್ರಾಮಿಗೂ ಇದಕ್ಕೂ ಸಂಬಂಧವಿಲ್ಲ. 'ಬೆಂಗಾಲ್ ಗ್ರಾಮ್' ಎಂದರೆ ಕಡಲೆ. 'ರೆಡ್ ಗ್ರಾಮ್' ತೊಗರಿ. 'ಗ್ರೀನ್ ಗ್ರಾಮ್' ಹೆಸರುಕಾಳು. 'ಬ್ಲ್ಯಾಕ್ ಗ್ರಾಮ್' ಉದ್ದು. 'ಹಾರ್ಸ್ ಗ್ರಾಮ್' ಹುರಳಿ. ಯಾವ ವಿಶೇಷಣವೂ ಇಲ್ಲದೆ 'ಗ್ರಾಮ್' ಎಂದಷ್ಟೇ ಇದ್ದರೆ ಸಾಮಾನ್ಯವಾಗಿ ಕಡಲೆಯೆಂದು ತಿಳಿಯತಕ್ಕದ್ದು. ಇಲ್ಲಿ ಕನ್ನಡದ ಹೆಸರೇ ಒಂದು ತೊಡಕನ್ನು ತರುತ್ತದೆ. ಹುರಳಿಯೆಂದರೆ ಒಂದು ಕಾಳು. 'ಹುರಳಿಕಾಯಿ' ಎಂದರೆ ಆ ಕಾಳಿನ ಕಾಯಲ್ಲ, 'ಬೀನ್ಸು'. ಹುರಳಿಯ ಬೀಜವನ್ನು ಬೇಡಿದವನಿಗೆ ಬೀನ್ಸಿನ ಬೀಜವು ದೊರೆಯದಂತೆ ಎರಡು ಭಾಷೆಗಳ ಹೆಸರನ್ನೂ ಹೇಳುವುದು ಉಚಿತ.

'ಕಾರ್ನ್' ಎಂಬ ಪದವೂ ಇಂಥದೇ. ಅಮೆರಿಕದಲ್ಲಿ ಇದಕ್ಕೆ ಮುಸುಕಿನ ಜೋಳವೆಂದರ್ಥ. ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಆಯಾ ಪ್ರಾಂತದ ಮುಖ್ಯ ಧಾನ್ಯವನ್ನು ಆ ಹೆಸರಿನಿಂದ ಕರೆಯುತ್ತಿದ್ದರು. ಈಗ ಅಂಗಡಿಗಳಲ್ಲಿ 'ಸ್ವೀಟ್ ಕಾರ್ನ್', 'ಪಾಪ್ ಕಾರ್ನ್', 'ಬೇಬಿ ಕಾರ್ನ್' ಎಂಬ ಬೀಜಗಳು ದೊರೆಯುತ್ತವೆ. ಇವೆಲ್ಲವೂ ಮುಸುಕಿನ ಜೋಳದ ಜಾತಿಗೇ ಸೇರಿದುವಾದರೂ ಇವುಗಳ ಉಪಯೋಗ ಬೇರೆ, ಕಟಾವಿನ ಕಾಲ ಬೇರೆ, ಕೊಳ್ಳತಕ್ಕವರು ಬೇರೆ. 'ಬೇಬಿ ಕಾರ್ನ್' ಎಂಬುದನ್ನು ಕಾಳು ಕಟ್ಟುವುದಕ್ಕೆ ಮುಂಚೆಯೇ ಎಳೆಯ ತೆನೆಯಾಗಿ ಮುರಿಯತಕ್ಕದ್ದು. ಕೋಳಿಯ ಮೇವಿಗೆ ಕಾಳು ಮಾರಬೇಕೆಂದಿರುವವನು ಇಂತಹ ಬೀಜವನ್ನು ಕೊಂಡರೆ ಅವನ ಉದ್ದೇಶವು ನೆರವೇರಲಾರದು.

ಒಂದೇ ಪದಾರ್ಥಕ್ಕೆ ಹಲವು ಹೆಸರುಗಳಿರುವುದೂ ಉಂಟು. ಬದನೆಕಾಯಿಗೆ ಭಾರತದಲ್ಲಿ 'ಬ್ರಿಂಜಲ್', ಇಂಗ್ಲೆಂಡಿನಲ್ಲಿ 'ಓಬರ್‌ಝೀನ್', ಅಮೆರಿಕದಲ್ಲಿ 'ಎಗ್‌ಪ್ಲಾಂಟ್' ಎನ್ನುತ್ತಾರೆ. ಬೆಂಡೆಕಾಯಿಗೆ 'ಲೇಡೀಸ್ ಫಿಂಗರ್' ಎಂದೂ 'ಓಕ್ರ' ಎಂದೂ ಹೆಸರುಗಳಿವೆ. 'ಟೊಮೇಟೊ' ಎಂಬುದನ್ನು ಇಂಗ್ಲೆಂಡಿನವರು 'ಟೊಮಾಟೊ' ಎಂದು ನುಡಿಯುತ್ತಾರೆ. ಅಮೆರಿಕದವರು 'ಟೊಮೇಟೊ' ಎನ್ನುತ್ತಾರೆ. ಅವರಲ್ಲಿಯೇ ಒಮ್ಮತವಿಲ್ಲದ ಕಡೆ ಒಂದನ್ನೇ ಸರಿಯೆಂದು ಹಟ ಹಿಡಿಯುವುದು ನಿಷ್ಪ್ರಯೋಜಕ.

5. ಈ ದೇಶದ ಹೆಸರುಗಳು ಪರದೇಶಕ್ಕೆ ಹೋದ ಬಗೆ

ಪರಭಾಷೆಯ ಹೆಸರನ್ನು ತಪ್ಪಾಗಿ ನುಡಿಯುವುದು ಕನ್ನಡಿಗರಿಗೆ ಮಾತ್ರ ಸೇರಿದ ದೋಷವಲ್ಲ. ವಾಸ್ಕೊ ಡ ಗಾಮನು 1498ರಲ್ಲಿ ಕಲ್ಲಿಕೋಟೆಯ ತೀರವನ್ನು ಸೇರಿದ ತರುವಾಯ ಪೋರ್ಚುಗೀಸರು ಪಶ್ಚಿಮ ಕರಾವಳಿಯ ಜನರಿಂದ ಕೇಳಿದ ಹೆಸರುಗಳನ್ನು ತಮ್ಮ ಬಾಯಿಗೆ ಬಂದಂತೆ ಬರೆದುಕೊಂಡರು. ಅವರಿಂದ ಇಂಗ್ಲಿಷರು ಪಡೆದರು. ಮಲಯಾಳದ 'ಅಡಯ್ಕ', ಎಂದರೆ ಕನ್ನಡದ ಅಡಕೆಯೇ, ಇಂಗ್ಲಿಷಿನ 'ಅರೀಕ' ಆಯಿತು. 'ವೆಟ್ಟಿಲ' ಎಂಬ ವೀಳೆಯದೆಲೆಯು 'ಬೀಟ್‌ಲ್' ಆಯಿತು. 'ಚಕ್ಕ' ಎಂಬ ಹಲಸು 'ಜ್ಯಾಕ್' ಆಯಿತು. 'ಮಾಂಗ' ಎಂಬುದು 'ಮ್ಯಾಂಗೊ' ಆಯಿತು. ಕೊಬ್ಬರಿಯು 'ಕಾಪ್ರ' ಆಯಿತು. ಸಂಸ್ಕೃತದ 'ಶರ್ಕರಾ' ಮಲಯಾಳದಲ್ಲಿ 'ಚಕ್ಕರ'ವಾಗಿ, ಪೋರ್ಚುಗೀಸರ ಬಾಯಲ್ಲಿ ಹಾದು 'ಜ್ಯಾಗರಿ'ಯೆಂಬ ಬೆಲ್ಲವಾಯಿತು. ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ಇಂತಹ ಪದಗಳನ್ನು ಒಟ್ಟುಗೂಡಿಸಿ 1886ರಲ್ಲಿ ಒಂದು ದೊಡ್ಡ ನಿಘಂಟನ್ನೇ ಪ್ರಕಟಿಸಿದರು.

ಹೆಗ್ಗಡದೇವನಕೋಟೆ ಮತ್ತು ಹುಣಸೂರು ತಾಲ್ಲೂಕುಗಳಲ್ಲಿ ಈಗ ಹೇರಳವಾಗಿ ಬೆಳೆಯಲ್ಪಡುವ ಶುಂಠಿಯ ಕಥೆಯು ಇನ್ನೂ ಹಳೆಯದು. ದಕ್ಷಿಣದೇಶದ 'ಇಂಜಿ' ಮತ್ತು 'ಬೇರು' ಎಂಬರ್ಥದ 'ವೇರ್' ಇವೆರಡೂ ಸೇರಿದ ಪದವು ಪಾಲಿ, ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಹಾದು 'ಜಿಂಜರ್' ಆಗಿ ಮರಳಿ ಬಂದಿದೆ. ಈ ಪದದಲ್ಲಿ 'ಜಿ' ಅಕ್ಷರವು ಎರಡು ಸಲವೂ 'ಜ' ಎಂದೇ ನುಡಿಯಲ್ಪಡುತ್ತದೆ. ಬ್ರೆಜಿಲ್ ದೇಶದಿಂದ ಬಂದ 'ರಿಯೋ ಡಿ ಜನೈರೊ' ಎಂಬ ಶುಂಠಿಯ ತಳಿಯ ಹೆಸರಾದರೋ ಬೆಳೆಗಾರರ ಬಾಯಲ್ಲಿ ಮೊಟಕಾಗಿ 'ರಿಗೋಡಿ' ಎಂದು ಕೇಳಿಬರುತ್ತದೆ. ಆ ಹೆಸರನ್ನು ಬ್ರೆಜಿಲಿನವರು ನುಡಿಯುವ ರೀತಿಯೇ ಬೇರೆ; ಇಂಗ್ಲಿಷರೂ ಅದನ್ನು ತಮ್ಮ ಅನುಕೂಲದಂತೆ ಮಾರ್ಪಡಿಸಿಕೊಂಡಿದ್ದಾರೆ. ಹೆಗ್ಗಡದೇವನಕೋಟೆಯನ್ನು 'ಎಚ್.ಡಿ. ಕೋಟೆ' ಎಂದು ಮೊಟಕುಮಾಡಿಕೊಂಡಿರುವ ಪ್ರಾಂತದಲ್ಲಿ ಇದು ಆಶ್ಚರ್ಯವಲ್ಲ. ಮಾರುವವನೂ ಕೊಳ್ಳುವವನೂ 'ರಿಗೋಡಿ' ಎಂದರೆ ಒಂದೇ ಗೆಡ್ಡೆಯೆಂದು ತಿಳಿದಿರುವವರೆಗೆ ಅದು ಸಾರ್ಥಕವಾದ ಹೆಸರೇ ಸರಿ.

ಪೂರ್ವಿಕರು ಪರದೇಶದಿಂದ ಬಂದ ಪದಾರ್ಥಗಳಿಗೆ ಹೆಸರಿಟ್ಟ ಕ್ರಮವು ಮನನಯೋಗ್ಯವಾದುದು. ಅವರು ಪರಭಾಷೆಯ ಉಚ್ಚಾರಣೆಗಾಗಿ ಶ್ರಮಪಡಲಿಲ್ಲ. ಪದಾರ್ಥವನ್ನು ನೋಡಿ, ತಿಳಿದ ವಸ್ತುವಿಗೆ ಹೋಲಿಸಿ ಹೆಸರಿಟ್ಟರು. ಮೆಣಸಿನಂತೆ ಖಾರವಾಗಿದ್ದುದು ಮೆಣಸಿನಕಾಯಿ. ಕಡಲೆಯನ್ನು ಹೋಲುವುದು ಕಡಲೆಕಾಯಿ. ತೆನೆಗೆ ಮುಸುಕುಳ್ಳ ಜೋಳವು ಮುಸುಕಿನ ಜೋಳ. ಗಿಡದ ಬೇರಿನಲ್ಲಿ ದೊರೆತ ಗೆಣಸು ಮರಗೆಣಸು. 'ಚೌಚೌ' ಎಂಬ ಕಾಯಿಯು ಸೀಮೆಬದನೆಯಾಯಿತು. ಅದನ್ನೇ ತಮಿಳರೂ ತೆಲುಗರೂ ಬೆಂಗಳೂರಿನ ಬದನೆಯೆಂದು ಕರೆದರು. ಈ ಪದಾರ್ಥಗಳಲ್ಲಿ ಬಹುಭಾಗವು ಅಮೆರಿಕ ಖಂಡದಿಂದ ಬಂದುವೆಂಬುದನ್ನು ಸಸ್ಯಶಾಸ್ತ್ರಜ್ಞರಾದ ಬಿ. ಜಿ. ಎಲ್. ಸ್ವಾಮಿಯವರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬ ಗ್ರಂಥದಲ್ಲಿ ಸ್ವಾರಸ್ಯವಾಗಿ ವಿವರಿಸಿದ್ದಾರೆ. ಹೀಗೆ ಹುಟ್ಟಿದ ಕನ್ನಡ ಹೆಸರು ಪದಾರ್ಥದ ಗುಣವನ್ನೇ ತಿಳಿಸುತ್ತದೆ. ಆದುದರಿಂದ ಇಂಗ್ಲಿಷು ಹೆಸರನ್ನು ಕಲಿಯುವುದೆಂದರೆ ಕನ್ನಡ ಹೆಸರನ್ನು ಬಿಡುವುದೆಂದು ಅರ್ಥವಾಗಕೂಡದು.

6. ವಿಶೇಷ ಎಚ್ಚರಿಕೆ ಅವಶ್ಯವಾದ ಸ್ಥಳಗಳು

ಸಂತೆಯ ಮಾತಿನಲ್ಲಿ ಉಚ್ಚಾರಣೆಯ ತಪ್ಪಿನಿಂದ ಕೇಡಿಲ್ಲ. ಪದಾರ್ಥವು ಎದುರಿಗೇ ಇರುತ್ತದೆ. ಪದಾರ್ಥವು ಚೀಲದೊಳಗೆ ಅಡಗಿದ್ದು ಹೆಸರು ಮಾತ್ರ ಹೊರಗಿರುವ ಕಡೆ ಎಚ್ಚರಿಕೆ ಬೇಕು. ಬಿತ್ತನೆ ಬೀಜವು ಇದಕ್ಕೆ ಮುಖ್ಯ ಉದಾಹರಣೆ.

ಗಾವಡಗೆರೆಯ ಸುತ್ತಮುತ್ತ ಹೊಗೆಸೊಪ್ಪಿನ ಫಸಲಾದ ಮೇಲೆ ಅದೇ ಹೊಲದಲ್ಲಿ ರಾಗಿಯನ್ನು ಹಾಕುವ ಪದ್ಧತಿಯುಂಟು. ಆಗ ಮಳೆಗಾಲದಲ್ಲಿ ಉಳಿದಿರುವ ದಿವಸಗಳು ಕಡಿಮೆ. ರಾಗಿಯ ತಳಿಗಳ ಹೆಸರುಗಳು ಈಗ ಇಂಗ್ಲಿಷು ಅಕ್ಷರಗಳೂ ಅಂಕಿಗಳೂ ಆಗಿವೆ. 'ಜಿ.ಪಿ.ಯು. 28' ಎಂಬುದು ಸುಮಾರು 110ರಿಂದ 115 ದಿವಸಗಳ ತಳಿ, 'ಜಿ.ಪಿ.ಯು. 48' ಎಂಬುದು ಸುಮಾರು 95ರಿಂದ 100 ದಿವಸಗಳದು, 'ಎಂ.ಆರ್. 6' ಎಂಬುದು 120 ದಿವಸಗಳನ್ನೂ ಮೀರುತ್ತದೆ. ಇಪ್ಪತ್ತೆಂಟು, ನಲವತ್ತೆಂಟು ಎಂಬುವು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಒಂದೇ ರೀತಿ ಮುಗಿಯುವುದರಿಂದ ಗದ್ದಲದ ಅಂಗಡಿಯಲ್ಲಿ ಒಂದು ಇನ್ನೊಂದರಂತೆ ಕೇಳಿಸುವುದು ಸುಲಭ. 'ಎಂ.ಆರ್. ಆರು' ಎಂಬಲ್ಲಿ ಇಂಗ್ಲಿಷಿನ 'ಆರ್' ಅಕ್ಷರವೂ ಕನ್ನಡದ ಆರು ಸಂಖ್ಯೆಯೂ ಬೆರೆತುಹೋಗುತ್ತವೆ. ತಡವಾದ ಬಿತ್ತನೆಗೆ ದೀರ್ಘಾವಧಿಯ ತಳಿಯು ಬಿದ್ದರೆ ತೆನೆ ಹಾಲು ತುಂಬುವ ಕಾಲಕ್ಕೆ ಮಳೆ ನಿಂತುಹೋಗಿ ಕಾಳು ಜೊಳ್ಳಾಗುತ್ತದೆ. ಒಂದು ಅಂಕಿಯು ಕೇಳಿಸದೆಹೋದುದಕ್ಕೆ ಸಂಸಾರದ ವರುಷದ ಹಿಟ್ಟು ಹೋಗಬಹುದು.

ಇದಕ್ಕೆ ಪರಿಹಾರವು ಸುಲಭವಾದುದು. ತಳಿಯ ಹೆಸರಿನ ಜೊತೆಗೆ 'ಎಷ್ಟು ದಿವಸದ ರಾಗಿ?' ಎಂದು ಕನ್ನಡದಲ್ಲಿ ಕೇಳತಕ್ಕದ್ದು. 1966ನೆಯ ಇಸವಿಯ ಬೀಜ ಕಾಯಿದೆಗೆ ಅನುಸಾರವಾಗಿ ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿಯನ್ನೂ, ಮೂಲ ಬೀಜಕ್ಕೆ ಬಿಳಿ ಚೀಟಿಯನ್ನೂ ಕಟ್ಟುವ ಏರ್ಪಾಡಿದೆ. ಆ ಚೀಟಿಯಲ್ಲಿರುವ ಬೆಳೆಯ ಹೆಸರು, ತಳಿಯ ಹೆಸರು, ಮೊಳಕೆಯ ಪ್ರಮಾಣ, ವಾಯಿದೆ ಇವುಗಳನ್ನು ಅಂಗಡಿಯಲ್ಲಿಯೇ ಓದಿಸಿ ಕೇಳಿ, ಬಿಲ್ಲಿನಲ್ಲಿಯೂ ಅದೇ ಹೆಸರನ್ನು ಬರೆಸಿ, ಚೀಟಿಯನ್ನು ಫಸಲು ಮನೆಗೆ ಬರುವವರೆಗೂ ಜೋಪಾನವಾಗಿಟ್ಟುಕೊಳ್ಳತಕ್ಕದ್ದು. ವಿಮೆಯ ಅರ್ಜಿಯಲ್ಲಿಯೂ ಇದೇ ಕ್ರಮ. ಅರ್ಜಿಯಲ್ಲಿ ಬರೆದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಬೇರೆ ಬೇರೆಯಾದರೆ ಪರಿಹಾರದ ಕಾಲದಲ್ಲಿ ತೊಡಕುಂಟಾಗುತ್ತದೆ.

7. ಗ್ರಾಮದ ಮುಖಂಡರು ಮಾಡಬಹುದಾದ ಕೆಲಸ

ಪ್ರತಿ ಗ್ರಾಮದಲ್ಲಿಯೂ ಪಂಚಾಯತಿಯ ಕಚೇರಿ ಅಥವಾ ಹಾಲಿನ ಸಂಘದ ಗೋಡೆಯ ಮೇಲೆ, ಆ ಗ್ರಾಮದಲ್ಲಿ ಬೆಳೆಯುವ ಪದಾರ್ಥಗಳ ಕನ್ನಡ ಹೆಸರು, ಇಂಗ್ಲಿಷು ಹೆಸರು, ಅದರ ಉಚ್ಚಾರಣೆ ಇವುಗಳನ್ನು ಕನ್ನಡ ಲಿಪಿಯಲ್ಲಿ ಬರೆಸಬಹುದು. ಗಾಜಿನ ಸೀಸೆಗಳಲ್ಲಿ ಒಂದೊಂದು ಹಿಡಿ ಕಾಳನ್ನು ತುಂಬಿ ಹೆಸರಿನ ಚೀಟಿಯನ್ನು ಅಂಟಿಸಿಟ್ಟರೆ ಇನ್ನೂ ಉತ್ತಮ; ಕಣ್ಣಿಗೆ ಕಂಡದ್ದು ಮರೆಯುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿಂದ ಈ ಪಟ್ಟಿಯನ್ನು ಓದಿಸಿ ಹಿರಿಯರು ಕೇಳಬಹುದು. ಯಾರಾದರೂ ತಪ್ಪಾಗಿ ನುಡಿದಾಗ ನಗದೆ ತಿದ್ದುವುದು ಮುಖಂಡರ ಕರ್ತವ್ಯ. ಒಂದು ಸಲ ನಗೆಪಾಟಲಾದವನು ಮತ್ತೊಂದು ಸಲ ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದವನು ಮೋಸಹೋಗುತ್ತಾನೆ.

ಅಂತಹ ಪಟ್ಟಿಗೆ ಮಾದರಿಯಾಗಿ ಕೆಲವು ಹೆಸರುಗಳು ಇಲ್ಲಿ ಕೊಡಲ್ಪಟ್ಟಿವೆ:

ರಾಗಿ: ಫಿಂಗರ್ ಮಿಲಿಟ್ ('ರಾಗಿ' ಎಂದೂ ಸಲ್ಲುತ್ತದೆ)
ನವಣೆ: ಫಾಕ್ಸ್‌ಟೇಲ್ ಮಿಲಿಟ್
ಸಾಮೆ: ಲಿಟ್‌ಲ್ ಮಿಲಿಟ್
ಸಜ್ಜೆ: ಪರ್ಲ್ ಮಿಲಿಟ್
ಜೋಳ: ಸಾರ್ಗಮ್
ಮುಸುಕಿನ ಜೋಳ: ಮೇಜ಼್
ಗೋಧಿ: ವೀಟ್
ಅಲಸಂದೆ: ಕೌಪೀ
ಅವರೆ: ಫೀಲ್ಡ್ ಬೀನ್
ಎಳ್ಳು: ಸೆಸಮಿ
ಹಾಗಲಕಾಯಿ: ಬಿಟರ್ ಗೋರ್ಡ್ ('ಗೌರ್ಡ್' ಅಲ್ಲ)
ಮಿಡಿಸೌತೆ: ಗರ್ಕಿನ್
ನವಿಲುಕೋಸು: ನೋಲ್‌ಕೋಲ್ (ಮೊದಲ 'ಕೆ' ಮೌನ)
ಪಾಲಕ್ ಸೊಪ್ಪಿನ ಜಾತಿಯದು: ಸ್ಪಿನಿಜ್ ಅಥವಾ ಸ್ಪಿನಿಚ್ ('ಸ್ಪಿನಾಕ್' ಅಲ್ಲ)
ಸಲಾಡಿಗೆ ಉಪಯೋಗಿಸುವ ಎಲೆ: ಲೆಟಿಸ್ ('ಲೆಟ್ಯೂಸ್' ಅಲ್ಲ)
ಸೀಬೆ: ಗ್ವಾವ
ಹುಣಸೆ: ಟ್ಯಾಮರಿಂಡ್ (ಅರಬರು 'ಹಿಂದ್ ದೇಶದ ಖರ್ಜೂರ' ಎಂದುದರಿಂದ ಬಂದುದು)

8. ಸಾರಾಂಶ

ಇಂಗ್ಲಿಷು ಪದವನ್ನು ಅಕ್ಷರ ಹಿಡಿದು ಓದದೆ, ತಿಳಿದವರಿಂದ ಕೇಳಿ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳತಕ್ಕದ್ದು. ಬಲ ಬೀಳುವ ಸ್ಥಾನವನ್ನು ಗಮನಿಸತಕ್ಕದ್ದು. ಇಂಗ್ಲಿಷು ಹೆಸರಿನ ಜೊತೆಗೆ ಕನ್ನಡ ಹೆಸರನ್ನೂ ತಪ್ಪದೆ ಹೇಳತಕ್ಕದ್ದು. ಚೀಲದ ಒಳಗಿನ ಪದಾರ್ಥದ ವಿಷಯದಲ್ಲಿ ಸಂದೇಹವುಳಿದರೆ ಚೀಟಿಯನ್ನು ಓದಿಸದೆ ಹಣ ಕೊಡತಕ್ಕದ್ದಲ್ಲ. ಪದವು ತೊದಲಿದರೂ ಪ್ರಶ್ನೆಯನ್ನು ಕೇಳಿಯೇ ತೀರುವ ಬೇಸಾಯಗಾರನ ಹೊಲದಲ್ಲಿ, ಅವನು ಬಿತ್ತಬೇಕೆಂದುಕೊಂಡುದೇ ಬೆಳೆಯುತ್ತದೆ.